ಸೊಟ್ಟ ಮನೆ, ನೆಟ್ಟ ಗೋಪುರ

ನಮ್ಮ ಮನೆ ಕಟ್ಟಿದ ಮೇಸ್ತ್ರಿಗೆ ತೂಗುಗುಂಡಿನ ಮೇಲೆ ದೇವರಷ್ಟೇ ಭಕ್ತಿ. ನಾಲ್ಕು ವರಸೆ ಇಟ್ಟಿಗೆ ಏರಿತು ಅಂದರೆ ದಾರ ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಒಂದು ನೂಲು ಆಚೀಚೆ ಆಗಿದ್ದರೂ ಸಾಕು, "ಬಿಚ್ಚೋ ಇದನ್ನ" ಅನ್ನುತ್ತಿದ್ದರು. ಲ್ಯಾವನಮ್‌ನಲ್ಲಿ ಬಸ್ಸಿಳಿದಾಗ ನನಗೆ ಮೊದಲು ನೆನಪಾದದ್ದು ಅವರೇ. ಅಲ್ಲಿನ ಹೈ ಸ್ಟ್ರೀಟಿನಲ್ಲಿ ಅವರನ್ನು ನಿಲ್ಲಿಸಿದ್ದರೆ, ಗುಂಡನ್ನು ಜೇಬಿಗೆ ಹಾಕಿಕೊಂಡು ಅದೇ ಬಸ್ಸು ಹತ್ತುತ್ತಿದ್ದರು.

ಲ್ಯಾವನಮ್ ಇಂಗ್ಲೆಂಡಿನ ಸಫೋಕ್ ಸೀಮೆಯ ಹಳ್ಳಿ. ಸಡ್ಬರಿವರೆಗೆ ರೈಲು, ಆಮೇಲೆ ಬಸ್ಸು. ಇರುವುದು ಸುಮಾರು 1,700 ಜನ. ಸಂರಕ್ಷಿತ ಅಂತ ಪಟ್ಟಿ ಸೇರಿದ ಹಳೇ ಕಟ್ಟಡಗಳು 300ಕ್ಕೂ ಜಾಸ್ತಿ. ಅವುಗಳಲ್ಲಿ ನೆಟ್ಟಗೆ ನಿಂತದ್ದನ್ನು ಹುಡುಕಬೇಕು. ಒಂದು ಮನೆ ಪಕ್ಕದ ಮನೆಯ ಹೆಗಲಿಗೆ ಒರಗಿದೆ, ಜಾತ್ರೆ ಮುಗಿಸಿ ರಾತ್ರಿ ಬಸ್ಸಿನಲ್ಲಿ ತೂಕಡಿಸುವವರ ಹಾಗೆ. ಇನ್ನೊಂದರ ಮಹಡಿ ರಸ್ತೆ ಕಡೆಗೆ ಬಗ್ಗಿ, ಕೆಳಗೆ ಹೋಗುವವರು ಯಾರು ಅಂತ ನೋಡುತ್ತಿದೆ. ಬಾಗಿಲ ಚೌಕಟ್ಟು ಒಂದು ಕಡೆಗೆ ವಾಲಿದರೆ ಕಿಟಕಿ ಇನ್ನೊಂದು ಕಡೆಗೆ. ಗೋಡೆಗೆ ತಿಳಿ ಗುಲಾಬಿ, ಹಳದಿ, ಕಿತ್ತಳೆ ಬಣ್ಣ. ನಡುನಡುವೆ ಬೂದಿ ಬಣ್ಣಕ್ಕೆ ತಿರುಗಿದ ಓಕ್ ಮರದ ಕಂಬಗಳು.

ಸೊಟ್ಟಗಾಗಲು ಕಾರಣ ಬಡಗಿಗಳ ಸೋಮಾರಿತನವಲ್ಲ. ಒಣಗಿದ ಓಕ್ ಕಬ್ಬಿಣದ ಹಾಗೆ, ಉಳಿ ಇಳಿಯುವುದಿಲ್ಲ. ಹಾಗಾಗಿ ಕಡಿದ ಮರವನ್ನು ಹಸಿಯಾಗಿಯೇ ಕೆತ್ತಿ, ತೂತು ಕೊರೆದು, ಮರದ ಗೂಟ ಹೊಡೆದು ಕೂಡಿಸುತ್ತಿದ್ದರು. ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲೇ ಜೋಡಿಸಿ ನೋಡಿ, ತುಂಡು ತುಂಡಿಗೂ ಗುರುತಿನ ಗೀಟು ಹಾಕಿ, ಬಿಚ್ಚಿ, ಮನೆ ಜಾಗಕ್ಕೆ ಗಾಡಿಯಲ್ಲಿ ಸಾಗಿಸುತ್ತಿದ್ದರು. ನಿಲ್ಲಿಸಿದ ಮೇಲೆ ಮರ ಒಣಗುತ್ತಾ ತನಗೆ ಬೇಕಾದ ಹಾಗೆ ತಿರುಚಿಕೊಂಡಿತು. ಮಧ್ಯದ ಜಾಗಕ್ಕೆ ಕಡ್ಡಿಗಳ ತಡಿಕೆ ಹೆಣೆದು ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದರು. ಅದೂ ಮರದ ಜೊತೆ ಬಾಗಿತು. ಸಗಣಿ ಗೋಡೆ ಅಂದರೆ ಮೂಗು ಮುರಿಯುವವರಿಗೆ ಹೇಳುತ್ತಿದ್ದೇನೆ, ಅದರ ವಯಸ್ಸು 500 ವರ್ಷ.

ಇಷ್ಟು ಸಣ್ಣ ಊರಿಗೆ ಇಷ್ಟು ದೊಡ್ಡ ಮನೆಗಳು ಯಾಕೆ ಅಂದರೆ, ಕುರಿ. ಇಲ್ಲಿನ ನೀಲಿ ಉಣ್ಣೆ ಬಟ್ಟೆ ಹಡಗು ಹತ್ತಿ ದೇಶಾಂತರ ಹೋಗುತ್ತಿತ್ತು. ವೋಡ್ ಅನ್ನುವ ಗಿಡದ ಎಲೆ ಕೊಳೆಸಿ ಆ ನೀಲಿ ತೆಗೆಯುತ್ತಿದ್ದರು. ಊರೆಲ್ಲ ಏನು ನಾತ ಇದ್ದಿರಬೇಕು! 1524ರ ತೆರಿಗೆ ಲೆಕ್ಕದಲ್ಲಿ ಈ ಹಳ್ಳಿ ಕಟ್ಟಿದ್ದು ಯಾರ್ಕ್, ಲಿಂಕನ್‌ನಂಥ ಪಟ್ಟಣಗಳಿಗಿಂತ ಜಾಸ್ತಿ.

ಆ ದುಡ್ಡು ನೆಟ್ಟಗೆ ನಿಂತಿರುವುದು ಗುಡ್ಡದ ಮೇಲೆ, ಸೇಂಟ್ ಪೀಟರ್ ಮತ್ತು ಸೇಂಟ್ ಪಾಲ್ ಚರ್ಚಿನ ಗೋಪುರವಾಗಿ. ಎತ್ತರ 141 ಅಡಿ. 1485ರ ಬಾಸ್ವರ್ತ್ ಯುದ್ಧದಲ್ಲಿ ಏಳನೇ ಹೆನ್ರಿಯ ಪರ ಗೆದ್ದು ಬಂದ ಆಕ್ಸ್‌ಫರ್ಡ್ ಅರ್ಲ್ ಅನ್ನುವ ಸಾಮಂತ ಈ ಊರಿನ ಒಡೆಯ. ಚರ್ಚನ್ನು ಹೊಸದಾಗಿ ಕಟ್ಟಿಸಲು ಮುಂದಾದವನು ಅವನು. ದುಡ್ಡು ಸುರಿದವರು ಸ್ಪ್ರಿಂಗ್ ಅನ್ನುವ ಬಟ್ಟೆ ವ್ಯಾಪಾರದ ಮನೆತನದವರು. 1523ರಲ್ಲಿ ಸತ್ತ ಥಾಮಸ್ ಸ್ಪ್ರಿಂಗ್ ಗೋಪುರ ಮುಗಿಸಲೆಂದೇ ಉಯಿಲಿನಲ್ಲಿ 200 ಪೌಂಡ್ ಬಿಟ್ಟುಹೋದ. ಚರ್ಚಿನ ತಳಪಾಯದ ಕಲ್ಲಿನಲ್ಲಿ ಅರ್ಲನ ಲಾಂಛನವಾದ ನಕ್ಷತ್ರ, ಗೋಪುರದ ನೆತ್ತಿಯಲ್ಲಿ ವ್ಯಾಪಾರಿಯ ಲಾಂಛನ, ಅದೂ ಒಂದೆರಡು ಸಲ ಅಲ್ಲ, ಸುತ್ತಲೂ. ನಮ್ಮಲ್ಲಿ ದೇವಸ್ಥಾನದ ಫ್ಯಾನಿನ ರೆಕ್ಕೆಗೆ ಹೆಸರು ಬರೆಸುತ್ತಾರೆ, ಅಷ್ಟೇ ವ್ಯತ್ಯಾಸ.

ಅಂದ ಹಾಗೆ, ನಮ್ಮ ಮಕ್ಕಳೆಲ್ಲ ಕೈ ಮಿಟುಕಿಸುತ್ತಾ ಹಾಡುವ ಇಂಗ್ಲಿಷ್ ನಕ್ಷತ್ರದ ಪದ್ಯ ಬರೆದ ಜೇನ್ ಟೇಲರ್ ಬಾಲ್ಯ ಕಳೆದದ್ದೂ ಇಲ್ಲೇ, ಶಿಲ್ಲಿಂಗ್ ಸ್ಟ್ರೀಟಿನಲ್ಲಿ. ಚರ್ಚಿನ ಕಲ್ಲು ನಕ್ಷತ್ರ ನೋಡಿಯೇ ಬರೆದಳು ಅಂತ ಒಂದು ಕಥೆ ಕಟ್ಟುವ ಆಸೆ ನನಗೂ ಆಯಿತು. ಬೇಡ ಅಂತ ಬಿಟ್ಟೆ.

ಗೋಪುರದ ಗಂಟೆಗಳ ಕಥೆಗೆ ಮಾತ್ರ ಏನೂ ಕಟ್ಟಬೇಕಾಗಿಲ್ಲ. 1525ರಲ್ಲಿ ಎಂಟನೇ ಹೆನ್ರಿಗೆ ಫ್ರಾನ್ಸ್ ಮೇಲೆ ಯುದ್ಧ ಮಾಡಲು ದುಡ್ಡು ಬೇಕಾಯಿತು. ಅವನ ಮಂತ್ರಿ ಕಾರ್ಡಿನಲ್ ವುಲ್ಸಿ ತೆರಿಗೆ ಅನ್ನಲಿಲ್ಲ, ಜನ ಪ್ರೀತಿಯಿಂದ ಕೊಡುವ ಕಾಣಿಕೆ ಅಂದ. ಬಟ್ಟೆ ಸಾಹುಕಾರರು ನೇಕಾರರಿಗೆ, ಕಾಣಿಕೆ ಕೊಟ್ಟ ಮೇಲೆ ನಿಮಗೆ ಕೊಡೋಕೆ ಕೂಲಿ ಉಳಿಯಲ್ಲ ಅಂದರು. ಸುತ್ತಮುತ್ತಲಿಂದ ಸುಮಾರು ನಾಲ್ಕು ಸಾವಿರ ಜನ ಲ್ಯಾವನಮ್‌ಗೆ ಬಂದು ಸೇರಿದರು. ಚರ್ಚಿನ ಗಂಟೆ ಬಾರಿಸಿದರೆ ದಂಗೆ ಶುರು ಅಂತ ಮಾತಾಗಿತ್ತು. ಆದರೆ ರಾಜನ ಕಡೆಯ ಊರವರು ಮೊದಲೇ ಮೇಲೆ ಹತ್ತಿ ಗಂಟೆಗಳ ನಾಲಿಗೆ ಕಿತ್ತಿಟ್ಟಿದ್ದರಂತೆ! ರಾಜನ ಪರವಾಗಿ ನಾರ್ಫೋಕ್ ಡ್ಯೂಕ್ ಬಂದು, ನಿಮ್ಮ ನಾಯಕ ಯಾರು ಅಂತ ಕೇಳಿದ. ಜಾನ್ ಗ್ರೀನ್ ಅನ್ನುವವನು ಎದ್ದು, ನಮ್ಮ ನಾಯಕನ ಹೆಸರು ಬಡತನ, ಅವನೂ ಅವನ ದಾಯಾದಿ ಗತಿಗೇಡೂ ಸೇರಿ ನಮ್ಮನ್ನು ಇಲ್ಲಿಗೆ ತಂದರು ಅಂದ. ರಾಜ ಕೊನೆಗೆ ಕಾಣಿಕೆಯ ಆಸೆ ಬಿಟ್ಟ.

ನಾಯಕ ಮಾತ್ರ ಊರು ಬಿಡಲಿಲ್ಲ. ನೆದರ್ಲೆಂಡ್ಸ್ ಕಡೆಯಿಂದ ಓಡಿಬಂದ ನೇಕಾರರು ಕೋಲ್ಚೆಸ್ಟರ್‌ನಲ್ಲಿ ನೆಲೆ ನಿಂತು, ತೆಳುವಾದ, ಅಗ್ಗದ ಬಟ್ಟೆ ನೇಯತೊಡಗಿದರು. ಲ್ಯಾವನಮ್‌ನ ದಪ್ಪ ನೀಲಿಯನ್ನು ಕೇಳುವವರಿಲ್ಲದಾಯಿತು. ದುಡ್ಡಿದ್ದ ಊರುಗಳು ಹಳೇ ಮರದ ಮನೆ ಕೆಡವಿ ಹೊಸದು ಕಟ್ಟಿದವು, ಇಲ್ಲವೇ ಮುಂದೊಂದು ಇಟ್ಟಿಗೆ ಗೋಡೆ ಎತ್ತಿ ಹಳತನ್ನು ಮರೆಮಾಡಿದವು. ಇಲ್ಲಿಯವರಿಗೆ ಕೆಡವಲು ಕೂಲಿಗೂ ಕಾಸಿರಲಿಲ್ಲ. ಊರಿನ ಸಿರಿವಂತರ ಸಂಘದವರು ಸಭೆ ಸೇರಿ ಮೆರೆದ ಗಿಲ್ಡ್‌ಹಾಲ್ ಜೈಲಾಯಿತು, ಆಮೇಲೆ ಬಡವರನ್ನು ಇಟ್ಟು ದುಡಿಸುವ ಮನೆಯಾಯಿತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಊರವರು ಕುದುರೆ ಕೂದಲಿನ ಬಟ್ಟೆಯನ್ನೂ ತೆಂಗಿನ ನಾರಿನ ಚಾಪೆಯನ್ನೂ ನೇಯ್ದರು. ತೆಂಗಿನ ಮರದ ನೆರಳೂ ಬೀಳದ ಊರಲ್ಲಿ ತೆಂಗಿನ ನಾರು! ಇದನ್ನು ಓದಿದಾಗ ನನಗೆ ಅಯ್ಯೋ ಅನ್ನಿಸಿತು. ಈಗ ಮನೆಗಳ ಮುಂದೆ ನಿಂತು ಫೋಟೊ ತೆಗೆಯುವ ನಾವೆಲ್ಲ ಆ ಬಡತನಕ್ಕೇ ಥ್ಯಾಂಕ್ಸ್ ಹೇಳಬೇಕು. ಆದರೆ ಅದನ್ನು ಅನುಭವಿಸಿದವರ ಎದುರು ಹೇಳುವ ಧೈರ್ಯ ನನಗಿಲ್ಲ.

ಚರ್ಚಿನ ಒಳಗೆ ನನಗೆ ಹಿಡಿಸಿದ್ದು ಮಡಚುವ ಸೀಟುಗಳು. ಪಾದ್ರಿಗಳು ಗಂಟೆಗಟ್ಟಲೆ ನಿಂತೇ ಪ್ರಾರ್ಥಿಸಬೇಕಿತ್ತು. ಸೀಟನ್ನು ಮೇಲಕ್ಕೆ ಮಡಚಿದರೆ ಅದರ ಅಡಿಯಲ್ಲಿ ಒಂದು ಸಣ್ಣ ಹಲಗೆ, ನಿಂತ ಹಾಗೆ ಕಾಣುತ್ತಾ ಕುಂಡೆ ಊರಲು. ಅದರ ಹೆಸರು ಮಿಸೆರಿಕಾರ್ಡ್, ಮೂಲದಲ್ಲಿ ಕರುಣೆ ಅಂತ ಅರ್ಥ. ಯಾರೂ ನೋಡದ ಆ ಜಾಗದಲ್ಲಿ ಬಡಗಿ ಮನಸ್ಸಿಗೆ ಬಂದದ್ದು ಕೆತ್ತಿದ್ದಾನೆ. ಒಬ್ಬ ಹಂದಿಯನ್ನು ಕಂಕುಳಲ್ಲಿ ಹಿಸುಕಿ ವಾದ್ಯದ ಹಾಗೆ ನುಡಿಸುತ್ತಿದ್ದಾನೆ. ಮೇಲೆ ಮಂತ್ರ, ಕೆಳಗೆ ಹಂದಿ ಕಚೇರಿ.

ಗೋಪುರದಲ್ಲಿ ಈಗ ಎಂಟು ಗಂಟೆಗಳಿವೆ. ಅತಿ ದೊಡ್ಡದನ್ನು ಕೋಲ್ಚೆಸ್ಟರ್‌ನ ಮೈಲ್ಸ್ ಗ್ರೇ ಎರಕ ಹೊಯ್ದದ್ದು 1625ರಲ್ಲಿ, ನಾಲಿಗೆ ಕಿತ್ತ ಸರಿಯಾಗಿ ನೂರು ವರ್ಷಕ್ಕೆ. ಇಷ್ಟು ಇಂಪಾದ ಗಂಟೆ ಇಂಗ್ಲೆಂಡಿನಲ್ಲೇ ಅಪರೂಪ ಅನ್ನುತ್ತಾರೆ ಬಲ್ಲವರು. ನೇಯ್ಗೆಯನ್ನು ಕಸಿದುಕೊಂಡ ಊರಿಂದಲೇ ಗಂಟೆ ಬಂತು ನೋಡಿ.

ಸಂಜೆ ಒಂದು ಟೀ ಅಂಗಡಿಗೆ ಹೊಕ್ಕೆ. ತಲೆ ತಗ್ಗಿಸಿ ಒಳಗೆ ಬಂದೆ, ಆದರೂ ತೊಲೆ ತನ್ನ ಪಾಲು ವಸೂಲು ಮಾಡಿತು. ಹಣೆ ಉಜ್ಜುತ್ತಾ ಕೂತೆ. ಟೀ ಬಂತು. ನಮ್ಮ ಮೇಸ್ತ್ರಿ ನೆಲದ ಮಟ್ಟ ನೋಡಲು ಇಡುತ್ತಿದ್ದ ರಸಮಟ್ಟ ಇಲ್ಲಿ ಬೇಕಿರಲಿಲ್ಲ. ಕಪ್ಪಿನ ಎಡಗಡೆ ಟೀ ಅಂಚನ್ನು ಮುಟ್ಟಿತ್ತು, ಬಲಗಡೆ ಅರ್ಧ ಬೆರಳು ಕೆಳಗಿತ್ತು. ಎಡಗಡೆಯಿಂದಲೇ ಕುಡಿದೆ.