ನಿಮಗೆ ಹುಡುಕೋಕೇ ಬರಲ್ಲ, ಮಾವ

"ನಿಮಗೆ ಹುಡುಕೋಕೇ ಬರಲ್ಲ, ಮಾವ" ಎಂದು ಬೈದು ಅಕ್ಕನ ಮಗ ಗೂಗಲಿನಲ್ಲಿ ಹುಡುಕುವ ಹತ್ತು ಸೂತ್ರ ವಾಟ್ಸಾಪಿನಲ್ಲಿ ಕಳಿಸಿದ್ದಾನೆ. ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದೇ ಸಾಲನ್ನು ಹುಡುಕುತ್ತದಂತೆ. ಬೇಡದ ಪದಕ್ಕೆ ಮೊದಲು ಮೈನಸ್ ಹಾಕಬೇಕಂತೆ. 'ಫೈಲ್‌ಟೈಪ್' ಅಂತ ಇಂಗ್ಲಿಷಿನಲ್ಲಿ ಬರೆದು, ಕೋಲನ್ ಇಟ್ಟು, 'ಪಿಡಿಎಫ್' ಅಂದರೆ ಪಿಡಿಎಫ್ ಮಾತ್ರ ಬರುತ್ತದಂತೆ. ಸುಳ್ಳಲ್ಲ, ಎಲ್ಲ ಕೆಲಸ ಮಾಡುತ್ತವೆ. ಹುಡುಗ ಜಾಣ.

ನನಗೆ ಬೇಕಿದ್ದದ್ದು ಎರಡು ಪುಟದ ಒಂದು ಸರ್ಕಾರಿ ಸುತ್ತೋಲೆ. ಹತ್ತೂ ಸೂತ್ರ ಹಾಕಿದೆ. ಸಿಗಲಿಲ್ಲ. ಇಲಾಖೆಯ ಜಾಲತಾಣಕ್ಕೇ ಹೋಗಿ ಒಂದೊಂದೇ ಕಡತ ತೆರೆದೆ. ಅರ್ಧಕ್ಕರ್ಧ ಸ್ಕ್ಯಾನ್ ಮಾಡಿದ ಚಿತ್ರಗಳು. ಒಂದು ತಲೆಕೆಳಗಾಗಿತ್ತು, ಫೋನನ್ನೇ ತಿರುಗಿಸಿ ಓದಿದೆ.

ಉಳಿದವು 'ನುಡಿ' ಎಂಬ ಹಳೆಯ ಕನ್ನಡ ಫಾಂಟಿನವು. ಕಣ್ಣಿಗೆ ಮುದ್ದಾದ ಕನ್ನಡ. 'ಕನ್ನಡ' ಎಂಬ ಪದವನ್ನೇ ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿದೆ. ಮೊದಲಿಗೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೆರೆ ಹೊತ್ತ ಎ, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ! ಬ್ರಿಟಿಷರು 1947ರಲ್ಲಿ ಹೋದರು, ಪೌಂಡು ನಮ್ಮ 'ನ'ದೊಳಗೆ ಉಳಿದುಕೊಂಡಿದೆ. ಆ ಫಾಂಟು ಇಂಗ್ಲಿಷ್ ಅಕ್ಷರಗಳಿಗೇ ಕನ್ನಡದ ವೇಷ ಹಾಕಿಸಿ ಕೂರಿಸುತ್ತೆ, ಅಷ್ಟೇ. ಹುಡುಕುವ ಯಂತ್ರಕ್ಕೆ ವೇಷ ಕಾಣಲ್ಲ. ಕನ್ನಡವನ್ನು ಕನ್ನಡವಾಗಿಯೇ ಯಂತ್ರಕ್ಕೆ ಓದಿಸುವ ಯೂನಿಕೋಡ್ ಬಂದು ಎಷ್ಟು ಕಾಲವಾಯ್ತು, ಅಲ್ವಾ? ಆದರೂ ಮೆಚ್ಚಲೇಬೇಕು. ಇಂಥ ಗೂಢಲಿಪಿಗೆ ಬ್ಯಾಂಕಿನವರು ಕೋಟಿಗಟ್ಟಲೆ ಸುರಿಯುತ್ತಾರೆ. ನಮ್ಮವರು ಡಿಟಿಪಿ ಹುಡುಗನ ಕೈಲಿ ಮುಗಿಸಿದ್ದಾರೆ.

2021ರ ಜೂನ್ ನೆನಪಿದೆಯಲ್ಲ? ಭಾರತದ ಕುರೂಪಿ ಭಾಷೆ ಯಾವುದು ಅಂತ ಕೇಳಿದರೆ ಗೂಗಲ್ 'ಕನ್ನಡ' ಅಂದಿತ್ತು. ನಾವು ಎಗರಾಡಿದೆವು, ಅದು ಕ್ಷಮೆ ಕೇಳಿತು. ಯಾವುದೋ ಮೂಲೆಯ ಪುಟದಲ್ಲಿ ಯಾರೋ ಗೀಚಿದ್ದನ್ನು ಎತ್ತಿ ತಂದು, ಚೌಕಟ್ಟು ಕಟ್ಟಿ ಮೇಲಿಟ್ಟಿತ್ತು. ಆಗ ನನಗೆ ಬಂದದ್ದು ಸಿಟ್ಟು. ಈಗ ಹೊಟ್ಟೆಕಿಚ್ಚು. ಆ ಕಸ ಕ್ಷಣದಲ್ಲಿ ಸಿಕ್ಕಿತಲ್ಲ! ನಮ್ಮ ಸುತ್ತೋಲೆಯನ್ನೂ ಆ ಮಹಾಶಯನ ಕೈಲೇ ಬರೆಸಬೇಕಿತ್ತು.

2024ರ ಮೇನಲ್ಲಿ ಅದೇ ಗೂಗಲಿನ ಎಐ ಇನ್ನೊಂದು ಜ್ಞಾನ ಕೊಟ್ಟಿತು. ಪಿಜ್ಜಾದ ಮೇಲೆ ಚೀಸ್ ನಿಲ್ಲುತ್ತಿಲ್ಲವೇ, ಸಾಸಿಗೆ ಸ್ವಲ್ಪ ಅಂಟು ಬೆರೆಸಿ. ರೆಡ್ಡಿಟ್ ಎಂಬ ಹರಟೆ ಜಾಲತಾಣದಲ್ಲಿ ಒಬ್ಬ ಹನ್ನೊಂದು ವರ್ಷದ ಹಿಂದೆ ಮಾಡಿದ್ದ ತಮಾಷೆ ಅದು. ನಮ್ಮದು ತದ್ವಿರುದ್ಧ ಸಮಸ್ಯೆ, ದೋಸೆ ಕಾವಲಿ ಬಿಟ್ಟು ಏಳಲ್ಲ. ಅದಕ್ಕೇನು ಹೇಳುತ್ತೋ, ಕೇಳುವ ಧೈರ್ಯ ಬರಲಿಲ್ಲ.

ನಮ್ಮ ಪಕ್ಕದ ಮನೆ ಅಜ್ಜಿ ಫ್ರಿಜ್ ಕೆಟ್ಟಿತೆಂದು ಸಹಾಯವಾಣಿ ಹುಡುಕಿದರು. ಮೊದಲು ಬಂದ ನಂಬರಿಗೆ ಫೋನ್ ಮಾಡಿದರು. ಆ ಕಡೆಯವನು ತುಂಬ ಮರ್ಯಾದಸ್ಥ, "ಅಮ್ಮಾ, ಒಂದು ಆ್ಯಪ್ ಹಾಕ್ಕೊಳ್ಳಿ" ಅಂದ. ಹತ್ತು ನಿಮಿಷದಲ್ಲಿ ಆ ತಿಂಗಳ ಪಿಂಚಣಿ ಹೋಯಿತು. ವಿಷಯ ಕೇಳಿದವರೆಲ್ಲ ಅಜ್ಜಿಗೇ ಬುದ್ಧಿ ಹೇಳಿದರು. ನೋಡಿ ಹುಡುಕಬೇಕು, ಕೆಳಗಿನದ್ದೂ ಓದಬೇಕು ಅಂತ. ಎಪ್ಪತ್ತು ದಾಟಿದ ಹೆಂಗಸು ಏನು ಮಾಡಬೇಕಿತ್ತು? ಮೊದಲು ಮೈನಸ್ ಹಾಕಿ 'ಕಳ್ಳ' ಅಂತ ಬರೆಯಬೇಕಿತ್ತಾ? ಕಳ್ಳನ ನಂಬರನ್ನು ಮೊದಲ ಸಾಲಿನಲ್ಲಿ ಕೂರಿಸಿದವರಿಗೆ ಯಾರೂ ಹತ್ತು ಸೂತ್ರ ಕಳಿಸಲ್ಲ. ಸಾಕಾಗಿ ಹೋಗಿದೆ.

ಸುತ್ತೋಲೆ ಸಿಕ್ಕಿತು. ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ನಾನು ಅರ್ಧ ಹೇಳುವಷ್ಟರಲ್ಲೇ ಅಂಗಡಿಯವನು ಕಟ್ಟಿನೊಳಗೆ ಕೈಹಾಕಿ, ತಲೆ ಎತ್ತದೆ ಕೇಳಿದ:

"ಹಳೇದಾ ಸಾರ್, ತಿದ್ದುಪಡಿ ಆಗಿರೋದಾ?"