ದಿನಕ್ಕೊಂದು ಗಂಟೆ ಹೊರಾಂಗಣ ಕಡ್ಡಾಯ: ಕೊಡಗಿನ ಶಾಲೆಗಳಿಗೆ ಬೇಕೆ, ಬೇಡವೆ?

ಪರ: ಮಳೆಯ ನೆಪ ಹೇಳಿ ಮಕ್ಕಳನ್ನು ಕೂರಿಸಿದ್ದು ಸಾಕು
(ದೈಹಿಕ ಶಿಕ್ಷಣ ಶಿಕ್ಷಕಿ, ಪೊನ್ನಂಪೇಟೆ ತಾಲ್ಲೂಕು)

ಕೊಡಗಿನ ಮಗುವಿಗೆ ಪ್ರಕೃತಿಯ ಕೊರತೆ ಎಲ್ಲಿಂದ ಬಂತು ಎಂದು ಕೇಳುವವರು ಬೆಳಗಿನ ಹೊತ್ತು ಗೋಣಿಕೊಪ್ಪದ ರಸ್ತೆಯಲ್ಲಿ ಸಾಗುವ ಶಾಲಾ ವ್ಯಾನುಗಳನ್ನೂ ಜೀಪುಗಳನ್ನೂ ಒಮ್ಮೆ ನೋಡಬೇಕು. ಮನೆಯ ಗೇಟಿನಲ್ಲಿ ಹತ್ತಿದ ಮಗು ಶಾಲೆಯ ಗೇಟಿನಲ್ಲಿ ಇಳಿಯುತ್ತದೆ, ಸಂಜೆ ಹಾಗೆಯೇ ಹಿಂದಿರುಗಿ ಟ್ಯೂಷನ್‌ಗೋ ಮೊಬೈಲಿನ ಮುಂದೋ ಕೂರುತ್ತದೆ. ದಾರಿಯ ಎರಡೂ ಬದಿಯಲ್ಲಿ ಕಾಫಿ ತೋಟ, ಗದ್ದೆ, ಹುಲ್ಲು ಮರಗಳ ಬಾಣೆ, ದೇವರಕಾಡು ಎಲ್ಲವೂ ಇದ್ದರೂ ಅದಕ್ಕೆ ಅವು ಗಾಜಿನಾಚೆ ಸರಿದುಹೋಗುವ ಹಸಿರು ಮಾತ್ರ. ಬೆಳೆಗಾರರ ಮನೆಯ ಮಕ್ಕಳಲ್ಲಿಯೇ ಎಲೆ ನೋಡಿ ಅರೇಬಿಕಾ ಯಾವುದು, ರೊಬಸ್ಟಾ ಯಾವುದು ಎಂದು ಹೇಳಲಾರದವರನ್ನು ನಾನು ಪ್ರತಿವರ್ಷ ಕಾಣುತ್ತಿದ್ದೇನೆ.

5ರಿಂದ 17 ವರ್ಷದೊಳಗಿನವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು, ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 146 ದೇಶಗಳ ವಿದ್ಯಾರ್ಥಿಗಳ ಮಾಹಿತಿಯನ್ನು ಆಧರಿಸಿ ಆ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 11ರಿಂದ 17 ವರ್ಷದವರಲ್ಲಿ ಶೇ 81ರಷ್ಟು ಮಂದಿ ಈ ಮಟ್ಟವನ್ನು ಮುಟ್ಟುವುದಿಲ್ಲ. ಹುಡುಗಿಯರಲ್ಲಂತೂ ಇದು ಶೇ 85. ಏಳನೆಯ ತರಗತಿ ದಾಟಿದ ಹುಡುಗಿಯರು ಆಟದ ಅವಧಿಯಲ್ಲಿ ಒಬ್ಬೊಬ್ಬರಾಗಿ ಮೆಟ್ಟಿಲ ಮೇಲೆ ಹೋಗಿ ಕೂರುವುದನ್ನು ಕಂಡಿರುವ ನನಗೆ ಈ ಸಂಖ್ಯೆ ಆಶ್ಚರ್ಯ ತರಲಿಲ್ಲ.

ನಮ್ಮಲ್ಲಿ ಇದಕ್ಕೆಲ್ಲ ಸಿಗುವ ಉತ್ತರ ಒಂದೇ: ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೈಹಿಕ ಶಿಕ್ಷಣದ ಅವಧಿಯನ್ನು ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುವುದು ಬರೆಯದ ನಿಯಮವಾಗಿಬಿಟ್ಟಿದೆ. ಜಿಲ್ಲಾಧಿಕಾರಿಗಳು ರಜೆ ಘೋಷಿಸುವಂಥ ದಿನಗಳ ಮಾತು ಬೇರೆ, ಆ ದಿನ ಮಕ್ಕಳು ಮನೆಯಲ್ಲಿಯೇ ಇರಲಿ. ಆದರೆ ಸಾಧಾರಣ ಮಳೆಯ ದಿನಗಳನ್ನೂ ಅದೇ ಲೆಕ್ಕಕ್ಕೆ ಸೇರಿಸಿ ನಾಲ್ಕು ತಿಂಗಳು ಮಕ್ಕಳನ್ನು ಬೆಂಚಿಗೆ ಅಂಟಿಸುವುದನ್ನು ನಾನು ಒಪ್ಪಲಾರೆ. ಈ ಊರಿನ ಜನ ಮಳೆಯಲ್ಲಿಯೇ ಬಿತ್ತಿ, ಮಳೆಯಲ್ಲಿಯೇ ನಾಟಿ ಮಾಡಿ, ನಾಟಿ ಮುಗಿದ ದೊಡ್ಡ ಗದ್ದೆಯ ಕೆಸರಿನಲ್ಲಿ ಓಟದ ಪಂದ್ಯ ಇಟ್ಟು, ಗೆದ್ದವರಿಗೆ ತೆಂಗಿನಕಾಯಿ, ಬಾಳೆಗೊನೆ ಕೊಟ್ಟವರು. ಇಂದಿನ ಕೆಸರುಗದ್ದೆ ಕ್ರೀಡಾಕೂಟಗಳು ಆ ನಾಟಿ ಓಟದ ಮುಂದುವರಿಕೆಯೇ ಆಗಿವೆ. ಮಕ್ಕಳಿಗೆ ಬೇಕಾದದ್ದು ಒಂದು ರೇನ್‌ಕೋಟು, ಬದಲಿಸಲು ಒಂದು ಜೊತೆ ಬಟ್ಟೆ, ಜಿಗಣೆ ಹತ್ತಿದರೆ ಉಪ್ಪು ಹಾಕಿ ಬಿಡಿಸುವ ತಾಳ್ಮೆಯ ಒಬ್ಬ ಶಿಕ್ಷಕಿ.

ಕಣ್ಣಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಬಯಲಿನ ಬೆಳಕಿನಲ್ಲಿ ಕಳೆಯುವ ಸಮಯ ಸಮೀಪದೃಷ್ಟಿ ದೋಷ ಹುಟ್ಟುವುದನ್ನು ತಡೆಯಲು ನೆರವಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದ ಮೇಲೆ, 2010ರಲ್ಲಿ ತೈವಾನ್ ತನ್ನ ಶಾಲೆಗಳಲ್ಲಿ ಮಕ್ಕಳು ದಿನಕ್ಕೆ 120 ನಿಮಿಷ ಹೊರಗಿರುವಂತೆ ಮಾಡುವ ಕಾರ್ಯಕ್ರಮವನ್ನು ಆರಂಭಿಸಿತು. ಮೋಡ ಮುಚ್ಚಿದ ದಿನದಲ್ಲಿಯೂ ಹೊರಗಿನ ಬೆಳಕು ತರಗತಿಯ ಬೆಳಕಿಗಿಂತ ಹಲವು ಪಟ್ಟು ಹೆಚ್ಚಿರುತ್ತದೆ. ಕರೆಂಟು ಹೋದ ಕಕ್ಕಡ ತಿಂಗಳ (ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲ) ಮಧ್ಯಾಹ್ನದಲ್ಲಿ ಕಪ್ಪು ಹಲಗೆಯನ್ನು ಕಣ್ಣು ಕಿರಿದಾಗಿಸಿಕೊಂಡು ಓದುವ ಮಕ್ಕಳನ್ನು ನೋಡಿದ್ದರೆ, ಮಳೆಗಾಲಕ್ಕೇ ಈ ಗಂಟೆ ಹೆಚ್ಚು ಅಗತ್ಯ ಎಂಬುದು ಯಾರಿಗಾದರೂ ಹೊಳೆಯುತ್ತದೆ.

ಹಾಕಿಯ ನಾಡಿಗೆ ಆಟದ ಪಾಠ ಬೇಕೆ ಎನ್ನುವವರಿಗೂ ನನ್ನ ಬಳಿ ಉತ್ತರವಿದೆ. ಕೂಡಿಗೆಯ ಕ್ರೀಡಾಶಾಲೆಗೆ ಆಯ್ಕೆಯಾಗುವವರು ಕೆಲವರು. ಉಳಿದವರು ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟುವವರು. ನಾವು ಹೆಮ್ಮೆಪಡಬೇಕಾದದ್ದು 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟುಂಬದವರು ಆರಂಭಿಸಿದ ಕೌಟುಂಬಿಕ ಹಾಕಿ ಉತ್ಸವದ ಬಗ್ಗೆ. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ತರಬೇತಿಯನ್ನೇ ಕಾಣದ ಹಿರಿಯರೂ ಹೆಂಗಸರೂ ಶಾಲೆಯ ಮಕ್ಕಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದರು. ಎಲ್ಲರೂ ಆಡಬೇಕು ಎಂಬ ಆ ಉತ್ಸವದ ಆಶಯ ವರ್ಷಕ್ಕೊಂದು ತಿಂಗಳು ನಡೆದರೆ ಸಾಲದು, ಶಾಲೆಯಲ್ಲಿ ದಿನವೂ ನಡೆಯಬೇಕು.

ಒಂದು ಜುಲೈಯಲ್ಲಿ, ಮಾಲೀಕರ ಒಪ್ಪಿಗೆ ಪಡೆದು, ಶಾಲೆಯ ಪಕ್ಕದ ಗದ್ದೆಗೆ ಒಂದು ತರಗತಿಯನ್ನು ಕರೆದೊಯ್ದಿದ್ದೆ. ಕೊನೆಯ ಬೆಂಚಿನಲ್ಲಿ ಮಾತೇ ಆಡದೆ ಕೂರುತ್ತಿದ್ದ, ತೋಟದ ಕಾರ್ಮಿಕರ ಲೈನ್‌ಮನೆಯಿಂದ ಬರುತ್ತಿದ್ದ ಹುಡುಗನೊಬ್ಬ ಏರಿಯ ಮೇಲಿನ ತೂತುಗಳನ್ನು ನೋಡಿ ಯಾವುದರಲ್ಲಿ ಏಡಿಯಿದೆ, ಯಾವುದು ಖಾಲಿ ಎಂದು ಹೇಳತೊಡಗಿದ. ಕೊಂಡಿಗೆ ಸಿಗದಂತೆ ಹಿಂದಿನಿಂದ ಅದನ್ನು ಹಿಡಿಯುವುದು ಹೇಗೆಂದು ಅವನು ತೋರಿಸುವಾಗ ಕ್ಲಾಸಿನ ಜಾಣರೆಲ್ಲ ಅವನ ಸುತ್ತ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ‘ಟೀಚರ್, ನಾಳೆಯೂ ಬರೋಣ’ ಎಂದು ಮೊದಲು ಕೇಳಿದವಳು ಓಟವೆಂದರೆ ತಲೆನೋವು ಬರುತ್ತಿದ್ದ ಹುಡುಗಿ. ಮಾರನೆಯ ದಿನದ ಖೋಖೋದಲ್ಲಿ ಎರಡೂ ತಂಡದವರು ಆ ಹುಡುಗ ತಮಗೇ ಬೇಕೆಂದು ಜಗಳವಾಡಿದರು.

ಆನೆಯ ಮಾತು ಬಂದೇ ಬರುತ್ತದೆ. ಮಕ್ಕಳನ್ನು ನಾಗರಹೊಳೆಯ ಒಳಗೆ ಬಿಡಿ ಎಂದು ಯಾರೂ ಕೇಳುತ್ತಿಲ್ಲ. ಆನೆಯ ಹೆಸರು ಹೇಳಿ ಮೈದಾನದ ಬಾಗಿಲನ್ನೇ ಹಾಕುವವರಿಗೆ ನಾಳೆ ಹಾವು, ನಾಡಿದ್ದು ಜೇನು ನೆಪವಾಗುತ್ತವೆ.

ವಿರೋಧ: ಎಲ್ಲ ಶಾಲೆಗೂ ಒಂದೇ ಆದೇಶ ಸಲ್ಲದು
(ಕಾಫಿ ಬೆಳೆಗಾರರು, ಸಿದ್ದಾಪುರ ಸಮೀಪ)

ವಿರೋಧದ ಕಡೆಯಿಂದ ಬರೆಯಬೇಕೆಂದು ನನ್ನನ್ನು ಕೇಳಲಾಯಿತು, ಒಪ್ಪಿದ್ದೇನೆ. ಮಕ್ಕಳು ಹೊರಗೆ ಆಡಬಾರದೆಂದು ವಾದಿಸುವುದು ನನ್ನಿಂದಾಗದು. ನಾನೂ ಕಾಫಿ ಕಣದಲ್ಲಿ ಕ್ರಿಕೆಟ್ ಆಡಿ, ಕೊಯ್ಲು ಬಂದು ಕಣದ ತುಂಬ ಕಾಫಿ ಹರಡಿದಾಗ ಜಾಗ ಹೋಯಿತೆಂದು ಅತ್ತವನೇ. ನನ್ನ ಆಕ್ಷೇಪವಿರುವುದು ಎಲ್ಲ ಶಾಲೆಗಳಿಗೂ ಒಂದೇ ಆದೇಶ ಕಳಿಸುವುದಕ್ಕೆ. ತೈವಾನ್‌ನಲ್ಲಿ ನಡೆಯುತ್ತದೆ ಎಂದ ಮಾತ್ರಕ್ಕೆ ನಮ್ಮ ಪಕ್ಕದ ಹಳ್ಳಿ ಮಾಲ್ದಾರೆಯಲ್ಲಿಯೂ ನಡೆಯಲೇಬೇಕು ಎನ್ನುವವರು ಮಾಲ್ದಾರೆಯ ರಸ್ತೆಯಲ್ಲಿ ಬೆಳಿಗ್ಗೆ ನಡೆದು ನೋಡಿಲ್ಲ.

ನಮ್ಮ ಭಾಗದಲ್ಲಿ ಆನೆ ಕಾಡಿನಿಂದ ಬಂದು ಹೋಗುವ ಪ್ರಾಣಿಯಾಗಿ ಉಳಿದಿಲ್ಲ, ತೋಟದಲ್ಲಿಯೇ ವಾಸ ಹೂಡಿದೆ. ನೆರಳು, ಕೆರೆಯ ನೀರು, ಮಳೆಗಾಲದ ಹೊತ್ತಿಗೆ ಹಣ್ಣಾಗುವ ಹಲಸು ಎಲ್ಲವೂ ಅಲ್ಲಿಯೇ ಸಿಗುವಾಗ ಅದು ಹಿಂದಿರುಗಿ ಹೋಗಬೇಕಾದ ಅಗತ್ಯವೂ ಇಲ್ಲ. ಕಳೆದ ಮಳೆಗಾಲದ ಒಂದು ಬೆಳಿಗ್ಗೆ ನಮ್ಮ ಲೈನ್‌ಮನೆಯಿಂದ ಶಾಲೆಗೆ ಹೊರಟ ಮಕ್ಕಳು ಅರ್ಧ ದಾರಿಯಿಂದ ಓಡಿ ಬಂದರು. ತೋಟದ ಗೇಟಿನ ಬಳಿ ಒಂಟಿ ಸಲಗ ಹಲಸಿನ ಮರಕ್ಕೆ ಒರಗಿ ನಿಂತಿತ್ತು. ಮಕ್ಕಳ ಜೊತೆ ಹೋಗಿದ್ದ ಅಜ್ಜಿ ಅವರನ್ನೆಲ್ಲ ಮುಂದೆ ಬಿಟ್ಟು ತಾನು ಕೊನೆಯಲ್ಲಿ ಬಂದರು. ಬಂದವರು, ‘ಸಾವ್ಕಾರ್ರೇ, ಇವತ್ತು ಇವರನ್ನು ಕಳಿಸೋದಿಲ್ಲ’ ಎಂದರು. ಅರಣ್ಯ ಸಿಬ್ಬಂದಿ ಬಂದು ಪಟಾಕಿ ಸಿಡಿಸಿ ಅದನ್ನು ದಾಟಿಸುವಷ್ಟರಲ್ಲಿ ಬಿಸಿಯೂಟದ ಹೊತ್ತು ಮೀರಿತ್ತು. ಆ ಮಕ್ಕಳಿಗೆ ಅಂದು ಪಾಠವೂ ಇಲ್ಲ, ಊಟವೂ ಇಲ್ಲ. ನಾನು ನಮ್ಮ ಮನೆಯಿಂದ ಅನ್ನ ಸಾರು ಕಳಿಸಿದೆ. ಅವರಲ್ಲಿ ಚಿಕ್ಕವಳು ತಟ್ಟೆ ಮುಟ್ಟದೆ ಅಜ್ಜಿಯ ಸೆರಗು ಹಿಡಿದುಕೊಂಡೇ ಇದ್ದಳು. ಇಂಥ ಮಗುವಿಗೆ ಪ್ರಕೃತಿಯ ಸಂಪರ್ಕ ಸಾಲದು ಎಂದು ಯಾವ ಆದೇಶ ಹೇಳಬಲ್ಲುದು?

ಈ ಮಕ್ಕಳು ಶಾಲೆಗೆ ನಡೆದೇ ಹೋಗುತ್ತಾರೆ, ಮರಳಿ ಬಂದು ಸೌದೆ ತರುತ್ತಾರೆ, ನೀರು ಹೊರುತ್ತಾರೆ, ತಮ್ಮ ತಂಗಿಯರನ್ನು ಎತ್ತಿಕೊಳ್ಳುತ್ತಾರೆ. ಪಣಿಯರವ, ಜೇನುಕುರುಬ ಬುಡಕಟ್ಟುಗಳ ಮಕ್ಕಳಿಗೆ ಕಾಡಿನ ಪರಿಚಯ ಮಾಡಿಸಲು ಶಾಲೆ ಬೇಕಿಲ್ಲ. ಇವರಿಗೆ ಶಾಲೆಯ ಒಂದೊಂದು ಗಂಟೆಯೂ ಓದಿಗೆ ಸಿಗುವ ಗಂಟೆ, ಏಕೆಂದರೆ ಲೈನ್‌ಮನೆಯ ಒಂದೇ ಕೋಣೆಯಲ್ಲಿ ಸಂಜೆ ಓದಲು ಜಾಗವಿಲ್ಲ. ಜೀಪಿನಲ್ಲಿ ಬರುವ ಮಕ್ಕಳನ್ನು ಕಂಡು ಮಾಡಿದ ನಿಯಮವನ್ನು ಇವರ ಮೇಲೆ ಹೊರಿಸಿದರೆ ಕಳೆದುಕೊಳ್ಳುವವರು ಇವರೇ. ಇನ್ನು ಒಬ್ಬರೋ ಇಬ್ಬರೋ ಶಿಕ್ಷಕರಿರುವ, ಕಾಂಪೌಂಡ್ ಇಲ್ಲದ ಶಾಲೆಯಲ್ಲಿ ಮಕ್ಕಳನ್ನು ಹೊರಗೆ ಬಿಟ್ಟರೆ ಕಾಯುವವರು ಯಾರು? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದುದನ್ನು ಕಂಡ ಹೆತ್ತವರು ಮಳೆಗೆ ಹೆದರಿದರೆ ಅದನ್ನು ನೆಪ ಎನ್ನುವುದು ನ್ಯಾಯವಲ್ಲ.

ಪಟ್ಟಣದ, ಮೈದಾನವಿರುವ, ಸಾಕಷ್ಟು ಶಿಕ್ಷಕರಿರುವ ಶಾಲೆಗಳಿಗೆ ಈ ಗಂಟೆಯನ್ನು ಇಂದೇ ಕಡ್ಡಾಯ ಮಾಡಿದರೆ ನಾನು ಅಡ್ಡ ಬರುವುದಿಲ್ಲ. ತೋಟದ ನಡುವಿನ ಶಾಲೆಗಳಿಗೆ ಮಾತ್ರ ಮೊದಲು ಮಕ್ಕಳನ್ನು ಕರೆತರುವ ವಾಹನ, ಆನೆ ನುಗ್ಗದ ಬೇಲಿ ಮತ್ತು ಇನ್ನೊಬ್ಬ ಶಿಕ್ಷಕರು ಬರಲಿ.