ಅಷ್ಟು ಬೇಕಾದ್ದು ಇಷ್ಟೇ ಸೀಸೆಯಲ್ಲಿ

ಯುಗಾದಿಗೆಂದು ಬೆಂಗಳೂರಿನಿಂದ ಬಂದ ತಂಗಿಯ ಮಗಳು ಅಜ್ಜಿಯ ಮಂಡಿನೋವಿಗೆ ಹೆಬ್ಬೆರಳು ಗಾತ್ರದ ಕಂದು ಸೀಸೆಯೊಂದನ್ನು ತಂದಿದ್ದಳು. ಅಮ್ಮ ಜಗಲಿಯಲ್ಲಿ ಅಪ್ಪೆಮಿಡಿ ಹರವಿಕೊಂಡು ಕೂತಿದ್ದಳು.

‘ಎಂಥದೇ ಅದು?’

‘ಎಸೆನ್ಶಿಯಲ್ ಆಯಿಲ್, ಅಜ್ಜಿ.’

‘ಹಂಗಂದ್ರೆ?’

ಹುಡುಗಿ ತುಸು ಯೋಚಿಸಿ, ‘ಅಗತ್ಯವಾದ ಎಣ್ಣೆ’ ಎಂದಳು. ಅಮ್ಮ ಸೀಸೆಯನ್ನು ಬೆಳಕಿಗೆ ಹಿಡಿದು, ‘ಅಷ್ಟು ಬೇಕಾದ್ದನ್ನ ಇಷ್ಟೇ ಇಷ್ಟು ಕೊಟ್ಟಿದಾರಲ್ಲೇ! ಒಂದು ಒಗ್ಗರಣೆಗೂ ಸಾಲಲ್ಲ’ ಎಂದಳು. ಮುಚ್ಚಳ ತೆಗೆದು ಮೂಸಿದ ಮೇಲೆ ಇನ್ನೊಂದು ಪ್ರಶ್ನೆ ಎದ್ದಿತು: ‘ಇದು ನಮ್ಮ ಬಚ್ಚಲ ಹಿಂದಿನ ಮಜ್ಜಿಗೆಹುಲ್ಲಲ್ಲವೇನೇ?’ ಅದೇ ಹೌದು.

ತಪ್ಪು ಹುಡುಗಿಯದಲ್ಲ. ಎಸೆನ್ಶಿಯಲ್ ಎಂಬ ಮಾತು ನಮ್ಮ ತೀರ್ಥಹಳ್ಳಿ ಕಡೆಗೆ ಬಂದಿದ್ದೇ ‘ಬೇಕಾದ್ದು’ ಎಂಬ ಅರ್ಥ ಹೊತ್ತು. ಟ್ರಾನ್ಸ್‌ಫಾರ್ಮರ್ ಸುಟ್ಟಾಗ ಊರವರೆಲ್ಲ ಸೇರಿ ಬರೆಯುವ ಅರ್ಜಿಯಲ್ಲಿ ಕರೆಂಟು ‘ವೆರಿ ವೆರಿ ಎಸೆನ್ಶಿಯಲ್’. ನಮ್ಮ ಇಂಗ್ಲಿಷ್ ಮೇಷ್ಟ್ರು ಅಂಥ ಕಡೆ ‘ವೆರಿ’ಗೆ ಕೆಂಪು ಗೀಟು ಎಳೆಯುತ್ತಿದ್ದರು. ಎಸೆನ್ಶಿಯಲ್ ಅಂದಮೇಲೆ ಮುಗಿಯಿತು, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ ಎಂಬುದು ಅವರ ಪಾಠ. ಆದರೆ ಒಂದೇ ‘ವೆರಿ’ ಹಾಕಿದರೆ ಲೈನ್‌ಮನ್ ಬರುವುದಿಲ್ಲ ಎಂಬುದು ಊರಿನ ಅನುಭವ.

2020ರ ಮಾರ್ಚ್‌ನಲ್ಲಿ ಈ ಶಬ್ದ ಮನೆಮನೆಯ ನಾಲಿಗೆ ಏರಿತು. ಲಾಕ್‌ಡೌನಿನ ಎರಡನೇ ವಾರ ನಮ್ಮ ಆಚೆಮನೆ ಭಾವನ ಬೈಕನ್ನು ಪೊಲೀಸರು ತಡೆದರು. ಚೀಲದಲ್ಲಿ ವೀಳ್ಯದೆಲೆ, ಸುಣ್ಣದ ಡಬ್ಬಿ. ‘ಎಸೆನ್ಶಿಯಲ್ ಸಾರ್’ ಎಂದ ಭಾವ, ಹಸುವಿನಷ್ಟು ಸಾಧು ಮುಖ ಮಾಡಿ. ಕವಳವಿಲ್ಲದೆ ಇಪ್ಪತ್ತೊಂದು ದಿನ ಎಂಬುದು ಅವನ ಪಾಲಿಗೆ ರೋಗಕ್ಕಿಂತ ದೊಡ್ಡ ಮಾತು. ಬಿಟ್ಟರಂತೆ. ಆದರೆ 1955ರ ಅಗತ್ಯ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿ ಕವಳದ ಹೆಸರಿಲ್ಲ. ಔಷಧಿ, ಗೊಬ್ಬರ, ಆಹಾರ, ಪೆಟ್ರೋಲು, ಬಿತ್ತನೆ ಬೀಜ, ಸೆಣಬು ಎಲ್ಲ ಇವೆ. ಹತ್ತಿಯ ಲಡಿ ನೂಲೂ ಇದೆ. ಮಲೆನಾಡಿನ ಜಡಿಮಳೆಯಲ್ಲಿ ನೆನೆದವರು ಯಾರಾದರೂ ಆ ಪಟ್ಟಿ ಬರೆದಿದ್ದರೆ ನೂಲಿಗಿಂತ ಮೊದಲು ಕಂಬಳಿ ಬರುತ್ತಿತ್ತು, ಅದರ ಬೆನ್ನಿಗೇ ಒಣಸೌದೆ. ಅದೇ ಮಾರ್ಚ್ 13ರಂದು ಸರ್ಕಾರ ಮಾಸ್ಕು, ಸ್ಯಾನಿಟೈಸರುಗಳನ್ನೂ ಪಟ್ಟಿಗೆ ಸೇರಿಸಿತು, ಜೂನ್ 30ರವರೆಗೆ. ಅಗತ್ಯಕ್ಕೂ ವಾಯಿದೆ ಉಂಟು ಅಂತ ನಾನು ತಿಳಿದಿದ್ದು ಆಗಲೇ.

ನಮ್ಮ ಶಬ್ದಗಳನ್ನು ನೋಡಿ. ಅಗತ್ಯ ಅಂದರೆ ಬೇರೆ ಗತಿ ಇಲ್ಲ. ಅವಶ್ಯ ಅಂದರೆ ನಮ್ಮ ವಶದಲ್ಲಿಲ್ಲ. ಅನಿವಾರ್ಯ ಅಂದರೆ ತಪ್ಪಿಸಿಕೊಳ್ಳಲಾಗದು. ಸಂಸ್ಕೃತದಿಂದ ಬಂದ ಈ ಮೂರೂ ತಲೆಯ ಮೇಲೆ ಕೈಹೊತ್ತು ಕೂತ ಶಬ್ದಗಳು. ಅಚ್ಚಗನ್ನಡದ ‘ಬೇಕು’ ಒಂದೇ ಎದ್ದು ನಿಂತು ಕೇಳುವಂಥದ್ದು. ಇಂಗ್ಲಿಷಿನ ಈ ಶಬ್ದದ ಹುಟ್ಟಿನಲ್ಲಿ ಮಾತ್ರ ಯಾವ ಅಸಹಾಯಕತೆಯೂ ಇಲ್ಲ. ಲ್ಯಾಟಿನ್ನಿನ ‘ಎಸ್ಸೆ’, ಅಂದರೆ ‘ಇರುವುದು’, ಅದರ ಬೇರು. ಸಂಸ್ಕೃತದ ‘ಅಸ್ತಿ’, ‘ಸತ್’ ಅದೇ ಬೇರಿನ ಚಿಗುರು. ಸತ್‌ನಿಂದ ನಮಗೆ ಸತ್ವ ಬಂದ ಹಾಗೆ ಎಸ್ಸೆಯಿಂದ ಅವರಿಗೆ ಎಸೆನ್ಸ್ ಬಂತು, ಇಬ್ಬರೂ ದಾಯಾದಿಗಳು. ಕಾಫಿಗೆ ಲೋಟ ಬೇಕು, ಒಲೆ ಬೇಕು, ಕೆಲವರಿಗೆ ಸಕ್ಕರೆಯೂ ಬೇಕು. ಆದರೆ ಡಿಕಾಕ್ಷನ್ ತೆಗೆದರೆ ಉಳಿಯುವುದು ಬಿಸಿಹಾಲು. ಬೇಕಾದ್ದಕ್ಕೂ ಎಸೆನ್ಶಿಯಲ್ಲಿಗೂ ಇರುವ ವ್ಯತ್ಯಾಸ ನನಗೆ ಹೊಳೆದಿದ್ದು ಅಲ್ಲಿ.

ಸೀಸೆಯ ಎಣ್ಣೆಗೆ ಆ ಹೆಸರು ಬಂದಿದ್ದೂ ಹೀಗೆ. ಅದು ಬೇಕೇಬೇಕಾದ ಎಣ್ಣೆಯಲ್ಲ, ಗಿಡದ ಘಮವನ್ನು ಹೊತ್ತ ಸತ್ವದ ಎಣ್ಣೆ. ಇದು ಗೊತ್ತಾಗಲು ಬೆಂಗಳೂರಿನ ಅಂಗಡಿವರೆಗೆ ಹೋಗಬೇಕಿರಲಿಲ್ಲ. ಮೈಸೂರಿನಲ್ಲಿ 1916ರಲ್ಲಿ, ನಮ್ಮ ಶಿವಮೊಗ್ಗದಲ್ಲಿ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮರದ ಕೆಚ್ಚನ್ನೂ ಬೇರನ್ನೂ ಪುಡಿಮಾಡಿ, ಆವಿ ಹಾಯಿಸಿ, ಎಣ್ಣೆ ಇಳಿಸುವುದು. ಎಣ್ಣೆ ಇಳಿಸಿದ ಮೇಲಿನ ಪುಡಿಯೂ ಊದುಬತ್ತಿಗೆ ಆಗುತ್ತದೆ, ಆದರೆ ಅದನ್ನು ಯಾರೂ ಬೀಗ ಹಾಕಿ ಇಡುವುದಿಲ್ಲ.

ಇಷ್ಟನ್ನೂ ಸೊಸೆಯಂದಿರಾದಿಯಾಗಿ ಎಲ್ಲರಿಗೂ ವಿವರಿಸುತ್ತ ಜಗಲಿ ಕಂಬಕ್ಕೆ ಒರಗಿದ್ದೆ. ತಂಗಿಯ ಮಗಳು ಹೂಂಗುಟ್ಟುತ್ತಲೇ ಅಜ್ಜಿಗೆ ನೆರವಾಗಲೆಂದು ಮಿಡಿಗಳ ತೊಟ್ಟನ್ನು ಒಂದೊಂದಾಗಿ ಮುರಿದು ಚೊಕ್ಕ ಮಾಡುತ್ತಿದ್ದಳು. ಅಮ್ಮನ ಕಣ್ಣು ಅತ್ತ ಬಿತ್ತು.

‘ಅಯ್ಯೋ ಕೂಸೇ! ತೊಟ್ಟು ಮುರೀತಾರೇನೇ? ಸೊನೆಯೆಲ್ಲ ಹೋತಲ್ಲೇ! ಸೊನೆ ಹೋದ್ಮೇಲೆ ಮಿಡಿಯಲ್ಲಿ ಎಂಥ ಉಳೀತು?’

ಅಪ್ಪೆಮಿಡಿಯ ಪರಿಮಳವೆಲ್ಲ ಸೊನೆಯಲ್ಲೇ; ಅದಕ್ಕೇ ತೊಟ್ಟು ಸಹಿತ ಕೊಯ್ಯುವುದು, ತೊಟ್ಟು ಸಹಿತವೇ ಉಪ್ಪಿಗೆ ಹಾಕುವುದು. ನಾನು ಬಾಯಿ ಮುಚ್ಚಿದೆ. ಹುಡುಗಿ ಅಂಟಂಟು ಬೆರಳನ್ನು ಮೂಗಿಗೆ ಹಿಡಿದು, ‘ಮಾಮ, ಎಸೆನ್ಶಿಯಲ್ ಆಯಿಲ್!’ ಎಂದು ನಕ್ಕಳು.

ತೊಟ್ಟಿಲ್ಲದ ಹದಿನೈದು ಮಿಡಿಗಳನ್ನು ಅಮ್ಮ ಬೇರೆ ತೆಗೆದಿಟ್ಟಳು. ರಾತ್ರಿ ಅಪ್ಪೆಹುಳಿ ಆಯಿತು.